ಅಂಗಳದ ಜಗಳ, ಮಸ್ಕಿಯ ಬಂಡೆ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ಅವತ್ತು ಮಕ್ಕಳ ಕೈತುಂಬ ಎರೆಮಣ್ಣು. ಕೆರೆಯಿಂದಲೋ ಹಳ್ಳದ ದಂಡೆಯಿಂದಲೋ ಮಣ್ಣು ತಂದು, ಹರಳು ಆರಿಸಿ, ನೀರು ಚಿಮುಕಿಸಿ ನಾದಿ, ಒಂದು ಜೋಡಿ ಎತ್ತು ಮಾಡುತ್ತಾರೆ; ಅವಕ್ಕೆ ಮೇವು ಹಾಕಲು ಒಂದು ಗ್ವಾದಲಿ. ಜೋಳದ ಕಾಳು ಒತ್ತಿದರೆ ಕಣ್ಣು. ಒಳಗೆ ಹಂಚಿನ ಮೇಲೆ ಹೋಳಿಗೆ ಬೇಯುತ್ತಿರುವಾಗ ಅಂಗಳದಿಂದ ಕೂಗು ಬರುತ್ತದೆ: “ಯವ್ವಾ, ಅಣ್ಣ ನನ್ನೆತ್ತಿನ ಕಾಲು ಮುರದಾ!” ಅದರ ಬೆನ್ನಿಗೇ ಇನ್ನೊಂದು: “ಮೊದ್ಲ ಅಂವ ನನ್ನ ಗ್ವಾದಲಿ ತುಳದಾನಬೇ!” ತಾಯಿ ಲಟ್ಟಣಿಗೆ ಹಿಡಿದೇ ಹೊರಗೆ ಬರುತ್ತಾಳೆ. ಇಬ್ಬರೂ ಅವಳ ಮುಖ ನೋಡುತ್ತಾರೆ. ತೀರ್ಪು ಬೇಕು.

ಇಂಥ ಹೊತ್ತಿಗೆ ನಮ್ಮ ಮನೆಗಳಲ್ಲಿ ಎರಡು ತೀರ್ಪು ಸಿದ್ಧವಾಗಿರುತ್ತವೆ. “ನೀ ದೊಡ್ಡಾಂವ, ನೀನ ಸುಮ್ಮನಾಗು” ಎಂಬುದು ಒಂದು. ಇಬ್ಬರ ಬೆನ್ನಿಗೂ ಒಂದೊಂದು ಏಟು ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಹಿರಿಯನಾಗಿ ಹುಟ್ಟಿದ್ದೇ ತಪ್ಪಾಗುತ್ತದೆ. ಕಿರಿಯವನು ಅಳುವುದೇ ಆಯುಧವೆಂದು ಕಲಿಯುತ್ತಾನೆ. ಎರಡನೆಯದರಲ್ಲಿ ಪೆಟ್ಟು ತಿಂದವನಿಗೂ ಕೊಟ್ಟವನಿಗೂ ಅಂತರವೇ ಉಳಿಯುವುದಿಲ್ಲ. ಒಲೆಯ ಮೇಲಿನ ಹೋಳಿಗೆ ಸೀಯುವ ಅವಸರದಲ್ಲಿ ತಾಯಿಗೆ ಇದು ದಿನದ ರಗಳೆಗಳಲ್ಲಿ ಒಂದು. ಆದರೂ ಅವಳ ಎದುರಿಗೆ ನಿಂತಿರುವುದು ಹಳೆಯ ಧರ್ಮಪ್ರಶ್ನೆ. ನ್ಯಾಯವನ್ನು ಮೇಲಿನವರು ಇಳಿಸಿಕೊಡಬಹುದೇ? ಅಥವಾ ಅದು ಜಗಳವಾಡಿದ ಇಬ್ಬರ ಒಳಗೇ ಮೊಳೆಯಬೇಕೇ?

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡಿದ್ದ ಒಬ್ಬ ದೊರೆಯ ಹೆಸರು ಇದೇ ಸೀಮೆಯ ಬಂಡೆಯ ಮೇಲಿದೆ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳು ಬಿದ್ದವು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ್ದು ಮಸ್ಕಿಯ ಬಂಡೆ. ಆ ಬಂಡೆ ಹೇಳುವ ಸಂಗತಿ ಮಾತ್ರ ಶಾಲೆಯ ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ ಎಂಬುದು ಅದರ ಆಶಯ. ಅಲ್ಲಿ ಸಣ್ಣವರು ಎಂದರೆ ಅಂತಸ್ತಿನಲ್ಲಿ ಸಣ್ಣವರು, ವಯಸ್ಸಿನ ಮಾತಲ್ಲ. ಆದರೆ ಮನೆಯೊಳಗೆ ಅಂತಸ್ತಿನಲ್ಲಿ ಎಲ್ಲರಿಗಿಂತ ಸಣ್ಣವರು ಯಾರು ಎಂದು ಕೇಳಿದರೆ ಉತ್ತರ ಹುಡುಕಬೇಕಿಲ್ಲ.

ಅಶೋಕನ ಕಥೆಗೆ ಒಡಹುಟ್ಟಿದವರ ಜಗಳದ ನೆರಳೂ ಇದೆ. ಸಿಂಹಳದ ಮಹಾವಂಶ ಅವನು ತಿಸ್ಸನೊಬ್ಬನನ್ನು ಉಳಿಸಿ 99 ಮಂದಿ ಅಣ್ಣತಮ್ಮಂದಿರನ್ನು ಕೊಂದನೆಂದು ಹೇಳುತ್ತದೆ. ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಕಾರಣ, ಪಟ್ಟವೇರಿ ಹದಿಮೂರು ವರ್ಷವಾದ ಮೇಲೆ ನೇಮಿಸಿದ ಧರ್ಮಮಹಾಮಾತ್ರರ ಕೆಲಸ ವಿವರಿಸುವಾಗ ಅಶೋಕನೇ ತನ್ನ ಸೋದರ ಸೋದರಿಯರ ಮನೆಗಳ ಮಾತೆತ್ತುತ್ತಾನೆ. ದಂತಕಥೆ ಕಟ್ಟಿದವರಿಗೆ ಕ್ರೌರ್ಯದ ಕೊನೆಯ ಮೆಟ್ಟಿಲನ್ನು ತೋರಿಸಬೇಕಿತ್ತು. ಅದಕ್ಕೆ ಅವರು ಆರಿಸಿಕೊಂಡದ್ದು ಅಣ್ಣತಮ್ಮಂದಿರ ಕೊಲೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಇರುವ ನಾಡಿನವರಿಗೆ ಆ ಆಯ್ಕೆ ಅರ್ಥವಾಗುತ್ತದೆ. ಕಾಲುವೆ ನೀರು ಬಂದು ಹೊಲದ ಬೆಲೆ ಏರಿದ ಸಿಂಧನೂರು ಕಡೆಯಲ್ಲಂತೂ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಮಾತು ಕೋರ್ಟಿನವರೆಗೆ ಹೋಗುವುದು ಯಾರಿಗೂ ಹೊಸದಲ್ಲ.

ಅಶೋಕನ ಒಂದು ಮಾತು ಮಾತ್ರ ಮಕ್ಕಳಿರುವ ಮನೆಗಳಿಗೆ ನೇರ ಬಂದು ನಾಟುತ್ತದೆ. ದೆಹಲಿಗೆ ಸಾಗಿಸಿದ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ, ಆಳ್ವಿಕೆಯ 27ನೆಯ ವರ್ಷದಲ್ಲಿ, ಅವನು ತನ್ನ ಬದುಕಿನ ಲೆಕ್ಕ ಒಪ್ಪಿಸುತ್ತಾನೆ. ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ: ಕಟ್ಟಳೆಗಳಿಂದ, ಮನವರಿಕೆಯಿಂದ. ಇವುಗಳಲ್ಲಿ ಕಟ್ಟಳೆಯ ತೂಕ ಕಡಿಮೆ, ಮನವರಿಕೆಯದೇ ಹೆಚ್ಚು ಎಂದು ಅವನೇ ಹೇಳುತ್ತಾನೆ. ಇಂಥಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂದು ಪಟ್ಟಿ ಮಾಡಿ ಆಜ್ಞೆ ಹೊರಡಿಸಿದ, ದಂಡಿಸಲು ದೊಡ್ಡ ಆಡಳಿತವನ್ನೇ ಇಟ್ಟುಕೊಂಡಿದ್ದ ಚಕ್ರವರ್ತಿ ಹೇಳಿದ ಮಾತಿದು. ಲಟ್ಟಣಿಗೆ ಹಿಡಿದು ನಿಂತ ತಾಯಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಅಧಿಕಾರ ಅವನ ಕೈಲಿತ್ತು.

ಮಕ್ಕಳಲ್ಲಿ ಈ ಮನವರಿಕೆ ಎಲ್ಲಿ ಹುಟ್ಟುತ್ತದೆ? ಆಟದಲ್ಲಿ ಎಂದು ತೋರಿಸಿಕೊಟ್ಟವನು ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ. ಮಕ್ಕಳ ನೈತಿಕ ವಿವೇಚನೆಯ ಬಗ್ಗೆ 1932ರಲ್ಲಿ ಹೊರತಂದ ಪುಸ್ತಕಕ್ಕಾಗಿ ಅವನು ಜಿನೀವಾ, ನ್ಯೂಶಾಟೆಲ್ ಊರುಗಳ ಹುಡುಗರ ಜತೆ ಗೋಲಿಯಾಡಲು ಕೂತ. ಆಟದ ನಿಯಮ ಯಾರು ಮಾಡಿದರು ಎಂದು ಕೇಳಿದರೆ ಸಣ್ಣವರು ಅಪ್ಪ, ದೇವರು ಎಂದರು. ನಿಯಮ ಪವಿತ್ರ, ಮುಟ್ಟುವಂತಿಲ್ಲ ಎಂದರು. ಆಡುವಾಗ ಮಾತ್ರ ತಮಗೆ ಬೇಕಾದಂತೆ ಮುರಿದರು! ಹತ್ತು ಹನ್ನೊಂದರ ಹುಡುಗರು, ನಿಯಮ ಅಂದರೆ ನಾವು ನಾವೇ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದರು. ಅವರೇ ಅದನ್ನು ಚಾಚೂ ತಪ್ಪದೆ ಪಾಲಿಸಿದವರು. ಮೇಲಿನಿಂದ ಬಂದ ನಿಯಮಕ್ಕೆ ಭಕ್ತಿ ಸಿಕ್ಕಿತು, ತಾವೇ ಕಟ್ಟಿದ ನಿಯಮಕ್ಕೆ ನಿಷ್ಠೆ ಸಿಕ್ಕಿತು. ಚಿನ್ನಿದಾಂಡು, ಲಗೋರಿ, ಬುಗುರಿ ಆಡಿದ ಯಾರಿಗಾದರೂ ಇದು ಗೊತ್ತು. ಅರ್ಧ ಹೊತ್ತು ಆಟ, ಅರ್ಧ ಹೊತ್ತು ‘ಔಟೋ ಅಲ್ಲೋ’ ಎಂಬ ವಾದ. ಆ ವಾದವನ್ನು ಹೊತ್ತು ಹಾಳು ಎನ್ನುವ ಹಿರಿಯರು ಆಟದ ತಿರುಳನ್ನೇ ಕಸಕ್ಕೆ ಹಾಕುತ್ತಾರೆ. ಕನ್ನಡ, ಉರ್ದು, ತೆಲುಗು ಒಟ್ಟಿಗೆ ಕೇಳುವ, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಕಡೆ ಬಂಗಾಳಿಯೂ ಸೇರುವ ಸಿಂಧನೂರಿನಲ್ಲಿ ಈ ವಾದಕ್ಕೆ ಇನ್ನೂ ಒಂದು ಬೆಲೆಯಿದೆ. ಮನೆಮಾತು ಬೇರೆಯಾದವನ ಜತೆ ಆಡಬೇಕಾದರೆ ನಿಯಮವನ್ನು ಅವನಿಗೆ ತಿಳಿಯುವಂತೆ ಹೇಳಬೇಕು, ಅವನು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು.

ಆಟಕ್ಕೆ ಇನ್ನೂ ಎತ್ತರದ ಸ್ಥಾನವನ್ನು ನಮ್ಮ ದರ್ಶನಗಳೇ ಕೊಟ್ಟಿವೆ. ಏನೂ ಕೊರತೆಯಿಲ್ಲದ ದೇವರು ಜಗತ್ತನ್ನು ಯಾಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರದ ಉತ್ತರ ಲೀಲೆ. ಶಂಕರ, ರಾಮಾನುಜ, ಮಧ್ವ ಮೂವರೂ ಬೇರೆ ಬೇರೆ ದಾರಿ ಹಿಡಿದರೂ ಈ ಸೂತ್ರದ ಮುಂದೆ ನಿಂತು ಭಾಷ್ಯ ಬರೆದರು. ಲೀಲೆಗೆ ಹೊರಗಿನ ಫಲ ಬೇಕಿಲ್ಲ. ಇವತ್ತು ಪಟ್ಟಣದ ತಂದೆತಾಯಂದಿರು ಬುದ್ಧಿ ಚುರುಕಾಗಲಿ, ಏಕಾಗ್ರತೆ ಬರಲಿ, ಮುಂದೆ ಮೆಡಲ್ ಬರಲಿ ಎಂದು ಮಕ್ಕಳನ್ನು ಆಟಕ್ಕೆ ಹಚ್ಚುತ್ತಾರೆ. ಕೋಚ್ ಇದ್ದಾನೆ, ಸಮಯಪಟ್ಟಿ ಇದೆ, ಯೂನಿಫಾರ್ಮ್ ಇದೆ. ಒಳ್ಳೆಯದೇ. ಆದರೆ ಅದು ಇನ್ನೊಂದು ಕ್ಲಾಸು. ಮಗು ತನ್ನಷ್ಟಕ್ಕೆ ಮಣ್ಣು ಕಲಸುವ, ಯಾವ ಲಾಭವೂ ಇಲ್ಲದ ಹೊತ್ತನ್ನು ಅದು ತುಂಬಿಕೊಡಲಾರದು.

ಲೀಲೆ ಎಂದ ಕೂಡಲೆ ಕೃಷ್ಣ. ಮಾನ್ವಿಯ ಜಗನ್ನಾಥದಾಸರು, ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರು ಬಾಳಿದ ಈ ದಾಸರ ಸೀಮೆಯಲ್ಲಿ ಬಾಲಕೃಷ್ಣನ ತುಂಟತನ ಕೇಳದ ಕಿವಿಯಿಲ್ಲ. ಭಾಗವತದ ದಶಮ ಸ್ಕಂಧದಲ್ಲಿ ಮಣ್ಣು ತಿಂದ ಪ್ರಸಂಗದ ದೂರು ತರುವವರಲ್ಲಿ ಮೊದಲಿಗ ಅಣ್ಣ ಬಲರಾಮ. ಜತೆಗೆ ಆಟದ ಗೆಳೆಯರೆಲ್ಲ ಸಾಕ್ಷಿ. ತಮ್ಮ ಒಪ್ಪುವುದಿಲ್ಲ: ಇವರೆಲ್ಲ ಸುಳ್ಳರು, ಬೇಕಾದರೆ ಬಾಯಿ ನೋಡು. ಯಶೋದೆಯ ಮುಂದೆ ಆರೋಪ ಇದೆ, ಸಾಕ್ಷಿಗಳಿದ್ದಾರೆ, ನಿರಾಕರಣೆಯೂ ಇದೆ. ಬಾಯಿ ತೆರೆಸಿ ನೋಡಿದರೆ ಬೆಟ್ಟ, ಕಡಲು, ನಕ್ಷತ್ರ, ಅವುಗಳ ನಡುವೆ ಗೋಕುಲ, ಅಲ್ಲಿ ತಾನೂ. ವಿಚಾರಣೆ ಅಲ್ಲಿಗೆ ನಿಂತುಹೋಗುತ್ತದೆ. ಮಣ್ಣು ತಿಂದನೋ ಇಲ್ಲವೋ ಎಂಬ ತೀರ್ಪು ಭಾಗವತದಲ್ಲಿ ಬರುವುದೇ ಇಲ್ಲ. ಭಕ್ತರು ಇದರಲ್ಲಿ ಭಗವಂತನ ಮಹಿಮೆ ಕಾಣುತ್ತಾರೆ. ಜತೆಗೆ ಇದನ್ನೂ ಕಾಣಬಹುದು: ಮಗುವನ್ನು ಒಂದು ಪ್ರಕರಣಕ್ಕೆ ಇಳಿಸಲು ಬಂದ ತಾಯಿಗೆ ಆ ಮಗು ಪ್ರಕರಣಕ್ಕಿಂತ ದೊಡ್ಡದಾಗಿ ಕಂಡಿತು. ‘ಇವನು ಯಾವಾಗಲೂ ಹೀಗೇ’ ಎಂದು ಹೇಳಲು ಅವಳಿಗೆ ಆ ಹೊತ್ತಿನಲ್ಲಿ ಬಾಯಿ ಬರಲಿಲ್ಲ.

ಹಾಗೆಂದು ಹಿರಿಯರು ಕಣ್ಣು ಮುಚ್ಚಿ ಕೂತರೆ ಏನಾಗುತ್ತದೆ ಎಂಬುದನ್ನು ಮಹಾಭಾರತದ ಆದಿಪರ್ವ ತೋರಿಸುತ್ತದೆ. ಹಣ್ಣು ಕೀಳಲು ಕೌರವರು ಮರ ಹತ್ತಿದರೆ ಭೀಮ ಬುಡಕ್ಕೆ ಒದ್ದು ಉದುರಿಸುತ್ತಿದ್ದ. ಈಜುವಾಗ ಹತ್ತು ಜನರನ್ನು ತೋಳಲ್ಲಿ ಅವುಚಿ ಉಸಿರು ಕಟ್ಟುವವರೆಗೆ ನೀರಲ್ಲಿ ಮುಳುಗಿಸುತ್ತಿದ್ದ. ಅದು ದ್ರೋಹಬುದ್ಧಿಯಿಂದಲ್ಲ, ಹುಡುಗುತನದಿಂದ ಎಂದು ವ್ಯಾಸರು ಸ್ಪಷ್ಟವಾಗಿಯೇ ಹೇಳುತ್ತಾರೆ. ಮುಳುಗಿದವರಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ದುರ್ಯೋಧನನ ಮನಸ್ಸಿನಲ್ಲಿ ಅದು ವಿಷವಾಗಿ ಹೆಪ್ಪುಗಟ್ಟಿ, ಪ್ರಮಾಣಕೋಟಿಯಲ್ಲಿ ನಿಜವಾದ ವಿಷವಾಗಿ ಭೀಮನ ಊಟಕ್ಕೆ ಬಂತು. ಆಟ ನಡೆಯುವಷ್ಟು ದಿನ ಭೀಷ್ಮನೂ ಇಲ್ಲ, ಧೃತರಾಷ್ಟ್ರನೂ ಇಲ್ಲ. ವಿಷದ ನಂತರ ಹಿರಿಯರು ಕೊಟ್ಟ ಸಲಹೆ ಸುಮ್ಮನಿರಿ ಎಂಬುದು. ಕುರುಕ್ಷೇತ್ರದ ಬೇರುಗಳಲ್ಲಿ ಒಂದು ಆ ಮರದ ಬುಡದಲ್ಲಿದೆ.

ಆದ್ದರಿಂದ ತಾಯಿಯ ಕಣ್ಣಿಗೆ ಮೊದಲು ಕಾಣಬೇಕಾದದ್ದು ಆಟವೋ ಪೀಡೆಯೋ ಎಂಬುದು. ಇದನ್ನು ಗುರುತಿಸಲು ಪಾಂಡಿತ್ಯ ಬೇಕಿಲ್ಲ. ನಗು ಎರಡೂ ಕಡೆಯಿಂದ ಬರುತ್ತಿದೆಯೇ? ಅಟ್ಟಿಸಿಕೊಂಡು ಹೋದವನು, ದಿನಾ ಒಬ್ಬನನ್ನೇ ಓಡಿಸದೆ, ಮುಂದಿನ ಸುತ್ತಿಗೆ ತಾನೂ ಓಡುತ್ತಾನೆಯೇ? ಸಾಕು ಎಂದವನಿಗೆ ಆಟದಿಂದ ಎದ್ದುಹೋಗಲು ಬಿಡುತ್ತಾರೆಯೇ? ಇವಕ್ಕೆ ಹೌದೆಂಬ ಉತ್ತರ ಸಿಕ್ಕರೆ ಎಷ್ಟೇ ಗದ್ದಲವಿದ್ದರೂ ಒಳಗೆ ಹೋಗಿ ಹೋಳಿಗೆ ತಿರುವಬಹುದು. ಇಲ್ಲವಾದರೆ ನಡುವೆ ನಿಲ್ಲಲೇಬೇಕು, ಕೈ ಬಿಡಿಸಲೇಬೇಕು. ಅಲ್ಲಿ ಮನವರಿಕೆಗೆ ಕಾಯುವಂತಿಲ್ಲ.

ನಡುವೆ ನಿಂತ ಮೇಲೆ ಮಾಡುವುದೇನು? ಇದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಪಂಪ 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ತಂದೆ ಋಷಭದೇವ ಮಕ್ಕಳಿಗೆ ರಾಜ್ಯ ಹಂಚಿಕೊಟ್ಟೇ ತಪಸ್ಸಿಗೆ ಹೋಗಿರುತ್ತಾನೆ. ಪಾಲು ಮಾಡಿಕೊಟ್ಟರೆ ಜಗಳ ಬರುವುದಿಲ್ಲ ಎಂಬ ನಂಬಿಕೆ ಅಲ್ಲೇ ಸುಳ್ಳಾಗುತ್ತದೆ. ಚಕ್ರವರ್ತಿಯಾದ ಭರತ ತಮ್ಮಂದಿರೂ ತನಗೆ ಎರಗಬೇಕೆನ್ನುತ್ತಾನೆ, ಬಾಹುಬಲಿ ಒಪ್ಪುವುದಿಲ್ಲ. ಎರಡು ಸೇನೆ ಎದುರುಬದುರಾದಾಗ ಮಂತ್ರಿಗಳು ನಡುವೆ ಬರುತ್ತಾರೆ. ಯಾರದು ಸರಿ ಎಂದು ಅವರು ಹೇಳುವುದಿಲ್ಲ. ಸಾವಿರಾರು ಜನ ಸಾಯುವ ಯುದ್ಧವನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಳಿಸುತ್ತಾರೆ. ಕಣ್ಣೆವೆ ಮಿಟುಕಿಸದೆ ನೋಡುವುದು, ನೀರು ಎರಚುವುದು, ಕುಸ್ತಿ: ಮೂರೂ ಇವತ್ತಿಗೂ ಮಕ್ಕಳು ಆಡುವ ಆಟಗಳೇ! ಮೂರರಲ್ಲೂ ಸೋತ ಅಣ್ಣ ನಿಯಮ ಮುರಿದು ಚಕ್ರ ಎಸೆದದ್ದು, ಅವನನ್ನು ಎತ್ತಿಯೂ ನೆಲಕ್ಕೆ ಅಪ್ಪಳಿಸದ ತಮ್ಮ ಗೆದ್ದ ನೆಲವನ್ನೇ ಬಿಟ್ಟು ನಡೆದದ್ದು ಮುಂದಿನ ಕಥೆ. ಹಿರಿಯರ ಜಾಣತನ ಆ ಮಂತ್ರಿಗಳದು. ಜಗಳವನ್ನು ಇಲ್ಲವಾಗಿಸಲು ಹೋಗದೆ ಅದಕ್ಕೊಂದು ಅಂಕ ಹಾಕಿಕೊಟ್ಟರು.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಹಿಲ್ಡಿ ರಾಸ್ ಮತ್ತು ಸಂಗಡಿಗರು ಮನೆಮನೆಯ ಜಗಳಗಳಲ್ಲಿ ಇದನ್ನೇ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವರು ಕೆಲವು ತಂದೆತಾಯಂದಿರಿಗೆ ತೀರ್ಪು ಕೊಡದೆ ಮಧ್ಯಸ್ಥಿಕೆ ಮಾಡುವ ತರಬೇತಿ ಕೊಟ್ಟರು. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಬೇಕು. ಜಗಳ ಯಾವುದರ ಬಗ್ಗೆ ಎಂಬುದು ಇಬ್ಬರಿಗೂ ತಿಳಿಯಬೇಕು. ಮತ್ತೊಬ್ಬನಿಗೆ ಹೇಗನಿಸಿತು ಎಂದು ಯೋಚಿಸಬೇಕು. ಪರಿಹಾರವನ್ನು ಮಕ್ಕಳೇ ಹೇಳಬೇಕು. ಹಾಗೆ ನಡೆಸಿದ ಮನೆಗಳ ಮಕ್ಕಳು ಮಾತುಕತೆಯಲ್ಲಿ ಪಳಗಿದರು, ಎದುರಿನವರ ಮನಸ್ಸನ್ನು ಹೆಚ್ಚು ಅರ್ಥ ಮಾಡಿಕೊಂಡರು.

ಮುರಿದ ಎತ್ತಿನ ಕಾಲಿಗೆ ಇದನ್ನು ಅನ್ವಯಿಸಿದರೆ ತಾಯಿ ಕೇಳಬೇಕಾದದ್ದು ಇಷ್ಟೇ: “ಈಗ ಏನ್ ಮಾಡೂಣು?” ಯಾರು ಮೊದಲು ಶುರು ಮಾಡಿದರು ಎಂದು ಕೇಳಿದರೆ ಮಾತು ಹಿಂದಕ್ಕೆ, ನಿನ್ನೆಯ ಜಗಳಕ್ಕೆ, ಅಲ್ಲಿಂದ ಮೊನ್ನೆಗೆ ಹೋಗುತ್ತದೆ. ಮುಂದೇನು ಎಂದು ಕೇಳಿದರೆ ಮಕ್ಕಳ ಕೈ ಮಣ್ಣಿನ ಕಡೆಗೆ ಹೋಗುತ್ತದೆ. ಈ ಸೀಮೆಯ ಮಕ್ಕಳಿಗಂತೂ ಉತ್ತರ ಹಬ್ಬದಲ್ಲೇ ಇದೆ. ಅಮಾವಾಸ್ಯೆ ಕಳೆದ ಮೇಲೆ ಕಾಲು ಮುರಿದ ಕುಂಟೆತ್ತನ್ನೇ ಹಲಗೆಯ ಮೇಲಿಟ್ಟುಕೊಂಡು, ಹಾಡು ಹೇಳುತ್ತ ಮನೆಮನೆಗೆ ಹೋಗಿ ಜೋಳ ಬೇಡುವುದು ಮಕ್ಕಳ ವಾಡಿಕೆ. ನಾಳೆಗೆ ಕುಂಟೆತ್ತು ಬೇಕೇ ಬೇಕು ಎಂಬುದು ಇಬ್ಬರಲ್ಲಿ ಯಾರಿಗೆ ಹೊಳೆದರೂ ಜಗಳಕ್ಕೆ ಕಾರಣವಾದದ್ದೇ ಇಬ್ಬರ ಕೂಡುಗೆಲಸವಾಗುತ್ತದೆ. ತಾಯಿ ಆ ಪರಿಹಾರವನ್ನು ತಾನೇ ಹೇಳಿಬಿಟ್ಟರೆ ಅದು ಇನ್ನೊಂದು ತೀರ್ಪು.

ನಾಗರಪಂಚಮಿಯ ಜೋಕಾಲಿಯೂ ಇಂಥದೇ ಪಾಠಶಾಲೆ. ಹಗ್ಗ ಒಂದು, ಮಕ್ಕಳು ಹತ್ತು. ಒಬ್ಬರಿಗೆ ಎಷ್ಟು ಜೀಕು, ಎಣಿಸುವವರು ಯಾರು, ಸಣ್ಣವರನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅದು ಯಾರ ಸರದಿ? ದೊಡ್ಡವರು ಹಗ್ಗದ ಗಂಟು, ಕೊಂಬೆಯ ಗಟ್ಟಿತನ ನೋಡಿ ಸರಿದುಬಿಟ್ಟರೆ ಉಳಿದದ್ದನ್ನೆಲ್ಲ ಅವರೇ ಗೊತ್ತು ಮಾಡಿಕೊಳ್ಳುತ್ತಾರೆ.

ಹಗ್ಗದ ಗಂಟು ನೋಡುವುದು ಸಣ್ಣ ಕೆಲಸವಲ್ಲ. ಸ್ವಚ್ಛಂದ ಆಟದ ಪರವಾಗಿ ಮಾತಾಡುವವರು ಈ ಸೀಮೆಯಲ್ಲಿ ನೀರನ್ನು ಮರೆಯಬಾರದು. ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ಅದರ ಉಪಕಾಲುವೆಗಳು ಊರ ಮಗ್ಗುಲಲ್ಲೇ ಹರಿಯುತ್ತವೆ. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಕೂಸನ್ನು ಸುಮಾರು ಇಪ್ಪತ್ತು ಗಂಟೆ ಹೋರಾಡಿ ಜೀವಂತ ಎತ್ತಿದರು; ಎಲ್ಲ ಮಕ್ಕಳಿಗೂ ಆ ಭಾಗ್ಯ ಸಿಕ್ಕಿಲ್ಲ. ನೀರು, ತೆರೆದ ಕೊಳವೆಬಾವಿ, ಹೊಲದ ಔಷಧದ ಡಬ್ಬಿ: ಇವುಗಳ ವಿಷಯದಲ್ಲಿ ಕಟ್ಟಳೆ ಕಟ್ಟಳೆಯೇ. ಅಶೋಕನೂ ಕಟ್ಟಳೆಯನ್ನು ಕೈಬಿಟ್ಟಿರಲಿಲ್ಲ. ಇಂಥಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂಬ ಆಜ್ಞೆಯನ್ನು ಹಾಗೇ ಇಟ್ಟ, ಹೆಚ್ಚಿನ ನಂಬಿಕೆಯನ್ನು ಮನವರಿಕೆಯ ಮೇಲಿಟ್ಟ. ಮನೆಯಲ್ಲಿ ದಿನಕ್ಕೆ ನೂರು ಸಲ ಬ್ಯಾಡ ಎನ್ನುವವರ ಬ್ಯಾಡಕ್ಕೆ ಕಾಲುವೆ ದಂಡೆಯಲ್ಲಿ ಬೆಲೆ ಇರುವುದಿಲ್ಲ.

ಜಗಳ ಬಿಡಿಸುವಾಗ ಬಾಯಿಗೆ ಬರುವ ಹೋಲಿಕೆಯ ಮಾತಿಗೂ ಈ ಸೀಮೆಯಲ್ಲೇ ಒಂದು ಉತ್ತರವಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಮೊಹರಂ ಹೊತ್ತಿಗೆ ಹೋದವರು ಇಬ್ಬರು ಸೋದರರ ಹೆಸರನ್ನು ಜತೆಜತೆಯಾಗಿ ಕೇಳುತ್ತಾರೆ: ಹಸನ್, ಹುಸೇನ್. ವಿಜಯನಗರ, ಬಹಮನಿ ಅರಸರು ತಲೆಮಾರುಗಟ್ಟಲೆ ಕಾದಾಡಿದ, ಎರಡು ನದಿಗಳ ನಡುವಿನ ಎಡೆದೊರೆಯ ಈ ಕೋಟೆಯೂರಿನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಈ ಹಬ್ಬ ಮಾಡುತ್ತಾರೆ. ಅಣ್ಣ ಹಸನ್ ರಕ್ತಪಾತ ಬೇಡವೆಂದು 661ರಲ್ಲಿ ಖಲೀಫನ ಪಟ್ಟ ಬಿಟ್ಟುಕೊಟ್ಟವರು. ತಮ್ಮ ಹುಸೇನ್ ತಲೆಬಾಗದೆ 680ರಲ್ಲಿ ಕರ್ಬಲಾದಲ್ಲಿ ಮಡಿದವರು. ಒಬ್ಬರದು ಸಂಧಿ, ಇನ್ನೊಬ್ಬರದು ಪ್ರತಿರೋಧ. ಮೊಹರಂನಲ್ಲಿ ಹಾಡುವ ನಮ್ಮ ಕಡೆಯ ರಿವಾಯತ್ ಪದಗಳು ಒಬ್ಬರನ್ನು ಮುಂದಿಟ್ಟು ಇನ್ನೊಬ್ಬರನ್ನು ಹಂಗಿಸುವುದಿಲ್ಲ, ಇಬ್ಬರಿಗೂ ಅಳುತ್ತವೆ. “ನಿಮ್ಮಣ್ಣನ್ನ ನೋಡಿ ಕಲಿ” ಎಂಬ ಮಾತು ಮನೆಯಲ್ಲಿ ಎಷ್ಟು ಸಲ ಬೀಳುತ್ತದೆ! ಮಕ್ಕಳ ನಡುವೆ ಗೋಡೆ ಎಬ್ಬಿಸಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಬೈಗುಳ ಆ ಹೊತ್ತಿಗೆ ಮುಗಿಯುತ್ತದೆ, ಹೋಲಿಕೆ ಮುಗಿಯುವುದಿಲ್ಲ. ವಾಟ್ನಿ ದಾವೆಗಳ ಹಿಂದೆ ಎಕರೆ ಗುಂಟೆಯ ಲೆಕ್ಕಕ್ಕಿಂತ ಮೊದಲು ಈ ಹೋಲಿಕೆಯ ಲೆಕ್ಕ ಎಷ್ಟು ಮನೆಗಳಲ್ಲಿ ಇದ್ದಿರಬಹುದು.

ಇಷ್ಟೆಲ್ಲ ಮಾತಿನಿಂದ ಹೊರಗೆ ಉಳಿದವಳು ಒಬ್ಬಳಿದ್ದಾಳೆ. ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹಳ್ಳಿಗಳಿಂದ ತಂದೆತಾಯಿ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಜತೆ ಉಳಿಯುವ ಹುಡುಗಿ. ಸಿಂಧನೂರು ಕಡೆ ಭತ್ತದ ನಾಟಿ ಹಂಗಾಮಿನಲ್ಲಿ ತಾಯಿ ನಸುಕಿಗೇ ಗದ್ದೆಗೆ ಹೋದರೆ ಸೊಂಟದ ಮೇಲೆ ಕೂಸು ಹೊರುವ ಎಂಟು ಒಂಬತ್ತರ ಹುಡುಗಿ. ಅವಳಿಗಿಂತ ಒಂದೆರಡು ವರ್ಷ ಹೆಚ್ಚು ಕಡಿಮೆಯ ಹುಡುಗ ಬಯಲಿನಲ್ಲಿ ಚಿನ್ನಿ ಹೊಡೆಯುತ್ತಿರುತ್ತಾನೆ. ಇವಳು ಕುಂಟಬಿಲ್ಲೆಯ ಗೆರೆಯ ಹೊರಗೆ ಕೂಸು ಕುಣಿಸುತ್ತ ನಿಂತಿರುತ್ತಾಳೆ. ಅಣ್ಣ ತಂಗಿಗೆ ಜಗಳವಾದರೆ “ಹೆಣ್ಣುಡುಗಿ, ನೀ ಸುಮ್ಕಿರು” ಎಂಬ ತೀರ್ಪು ಜಗಳಕ್ಕಿಂತ ಮೊದಲೇ ಬಂದಿರುತ್ತದೆ. ಮಕ್ಕಳೇ ಬಗೆಹರಿಸಿಕೊಳ್ಳಲಿ ಎಂಬ ಮಾತನ್ನು ಇಲ್ಲಿ ಹೇಳುವುದು ಅನ್ಯಾಯ, ಏಕೆಂದರೆ ಈ ಅಸಮತೆಯನ್ನು ಮಾಡಿದವರು ಮಕ್ಕಳಲ್ಲ.

ಇದನ್ನು ದೊಡ್ಡವರೇ ಸರಿಪಡಿಸಬೇಕು. ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆಗಳನ್ನು ಘೋಷಿಸಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದೇ ಮಾಡಿದ ಯೋಜನೆ. ನಾಟಿಗೆ, ಕಳೆಗೆ, ಹತ್ತಿ ಬಿಡಿಸಲು ಹೋಗುವ ತಾಯಂದಿರ ಕೂಸುಗಳಿಗೂ ಅದರ ಬಾಗಿಲು ತೆರೆದಿರಬೇಕು, ಕಚೇರಿಯ ವೇಳೆ ನೋಡದೆ ಅವರು ಹೊಲಕ್ಕೆ ಹೊರಡುವ ಹೊತ್ತಿಗೇ ತೆರೆಯಬೇಕು. ಪಂಚಾಯಿತಿ ಸಭೆಯಲ್ಲಿ ರಸ್ತೆ, ಚರಂಡಿಯ ಜತೆ ಇದನ್ನೂ ಕೇಳುವವರು ಬೇಕು. ಅದಾಗುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ: ಶಾಲೆ ಬಿಟ್ಟು ಬಂದ ಮಗನ ಕೈಗೆ ಕೂಸು ಕೊಟ್ಟು, ಒಂದು ತಾಸು ಇದು ನಿನ್ನ ಪಾಳಿ ಎಂದು ಹೇಳುವುದು. ಅವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅವಳು ಗೆರೆಯೊಳಗೆ ಹೋಗಿ ಕುಂಟಲಿ, ಬಿಲ್ಲೆ ಗೆರೆ ಮುಟ್ಟಿತೋ ಇಲ್ಲವೋ ಎಂದು ಗೆಳತಿಯರ ಜತೆ ಬಾಯಿ ಮಾಡಿ ಜಗಳವಾಡಲಿ.